ಯೂರಿಯ ಕಾಣದ ಗದ್ದೆ ಹಸಿರು, ಯೂರಿಯ ತಿಂದ ಅಡಿಕೆ ಹಳದಿ: ಕಾಸರಗೋಡಿನ ಒಂದು ತೋಟದ ಪ್ರಕರಣ

ಪೆರ್ಲ, ಬದಿಯಡ್ಕ ಕಡೆ ಹೋದರೆ ದಾರಿಯ ಆಚೀಚೆ ಕಾಣುವಂಥದೇ ಒಂದು ಜಾಗ. ಗುಡ್ಡೆಯ ಬುಡದಲ್ಲಿ ಮನೆ. ಮನೆಯ ಕೆಳಗೆ ಬೈಲು, ಅಂದರೆ ಮೊದಲು ಗದ್ದೆಯಾಗಿದ್ದ ತಗ್ಗು ಜಾಗ. ಮೇಲೆ ಬರೆ ಕಡಿದು ಮಾಡಿದ ತಟ್ಟುಗಳು. ಬೈಲಿನ ಹೆಚ್ಚಿನ ಪಾಲು ಅಡಿಕೆ ತೋಟ. ಗದ್ದೆಗೆ ಮಣ್ಣು ತುಂಬಿಸುವುದಕ್ಕೆ ಕಡಿವಾಣ ಹಾಕಿದ ಕೇರಳದ 2008ರ ಕಾಯ್ದೆ ಬರುವ ಎಷ್ಟೋ ಮೊದಲೇ ಅಲ್ಲಿ ಅಡಿಕೆ ಸಸಿ ನಟ್ಟಾಗಿತ್ತು. ಒಂದು ಗದ್ದೆ ಮಾತ್ರ ಇವತ್ತಿಗೂ ಗದ್ದೆಯಾಗಿ ಉಳಿದಿದೆ. ಅದು ಮನೆಯ ದೊಡ್ಡತ್ತೆಯ ಹಠ. ಹೊಸ ಅಕ್ಕಿ ಊಟಕ್ಕೆ ಅಂಗಡಿಯ ಅಕ್ಕಿ ತರುವುದು ಅವರಿಗೆ ಆಗದ ಮಾತು. ಇದು ಬಿಟ್ಟು, ಕುಂಬಳೆಯ ಹತ್ತಿರ ಕಡಲ ಕರೆಯಲ್ಲಿ ಪಾಲಿಗೆ ಬಂದ ಸ್ವಲ್ಪ ತೆಂಗಿನ ಜಾಗವೂ ಈ ಕುಟುಂಬಕ್ಕಿದೆ.

ಜಾಗ ನೋಡಿಕೊಳ್ಳುವವರು ನನಗೆ ಸಂಬಂಧದಲ್ಲಿ ಭಾವ. ಮಣ್ಣಿನ ವಿಷಯ ಓದಿದವನು ಎಂಬ ಕಾರಣಕ್ಕೆ ನನಗೆ ಫೋನ್ ಬಂತು. ದೂರು ಸರಳವಾಗಿತ್ತು. ಬೈಲಿನ ಅಡಿಕೆ ಮರಗಳ ಸೋಗೆ ಹಳದಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಗೆ) ತೀರಾ ಜಾಸ್ತಿ. ತಟ್ಟುಗಳ ಎಳೆ ಗಿಡಗಳೂ ಬಿಳಿಚಿಕೊಂಡಿವೆ. ಸಹಕಾರಿ ಸಂಘದಿಂದ ತಂದ ಸಾರಜನಕದ ಗೊಬ್ಬರ ಯೂರಿಯ ಎಲ್ಲ ಕಡೆಗೂ ಒಂದೇ ಲೆಕ್ಕದಲ್ಲಿ ಬಿದ್ದಿದೆ. "ಭಾವ, ಚೀಲ ಒಂದೇ, ಕೈ ಒಂದೇ. ದೊಡ್ಡತ್ತೆಯ ಗದ್ದೆಗೆ ಒಂದು ಮುಷ್ಟಿ ಯೂರಿಯ ಹಾಕಿಲ್ಲ, ಅದು ಕಡು ಹಸಿರು. ತೋಟಕ್ಕೆ ಹಾಕಿದ್ದೇ ಹಾಕಿದ್ದು, ಅದು ಹಳದಿ. ಇದೆಂಥದು?"

ಗದ್ದೆಗೂ ತೋಟಕ್ಕೂ ನಡುವೆ ಇರುವುದು ಒಂದು ಹುಣಿ, ಅಂದರೆ ಮಣ್ಣಿನ ಬದು ಮಾತ್ರ. ಮಣ್ಣು ಒಂದೇ ಬೈಲಿನದು. ಇಡೀ ಪ್ರಕರಣದ ಕೀಲಿ ಆ ಹುಣಿಯ ಎರಡು ಬದಿಯಲ್ಲಿತ್ತು. ಆದರೆ ಅಲ್ಲಿಗೆ ಹೋಗುವ ಮೊದಲು ಒಂದು ಭಯ ಕಳೆಯಬೇಕಿತ್ತು.

ಈ ಊರುಗಳಲ್ಲಿ ಸೋಗೆ ಹಳದಿಯಾದರೆ ಯಾರಿಗೂ ಮೊದಲು ನೆನಪಾಗುವುದು ಹಳದಿ ಎಲೆ ರೋಗ. ಸುಳ್ಯ ಕಡೆ ಅದು ತೋಟಕ್ಕೆ ತೋಟವನ್ನೇ ಮುಗಿಸಿದೆ. ಅದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಯೂರಿಯ ಹಾಕಿದರೂ ಬಿಟ್ಟರೂ ಅದಕ್ಕೇನೂ ಅಲ್ಲ. ಅದರಲ್ಲಿ ಹಳದಿ ಗರಿಯ ತುದಿಯಿಂದ ಶುರುವಾಗಿ ಒಳಕ್ಕೆ ಬರುತ್ತದೆ, ಕಾಯಿ ಉದುರುತ್ತದೆ, ಒಡೆದು ನೋಡಿದರೆ ಒಳಗಿನ ಅಡಿಕೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ. ನಾವು ಸುಮಾರು ಮರಗಳ ಕಾಯಿ ಒಡೆದು ನೋಡಿದೆವು. ಬಹುಪಾಲು ಮರಗಳಲ್ಲಿ ಅಡಿಕೆ ಗಟ್ಟಿಯಾಗಿ, ಬಿಳಿಯಾಗಿ ಇತ್ತು. ಹಳದಿ ಬಂದದ್ದೂ ಕೆಳಗಿನ ಹಳೆ ಸೋಗೆಗೆ, ಇಡೀ ಸೋಗೆಗೆ ಸಮನಾಗಿ. ಸಾರಜನಕ ಸಾಲದೆ ಹೋದಾಗ ಮರ ಮಾಡುವುದು ಇದನ್ನೇ: ಹಳೆ ಎಲೆಯಿಂದ ಕಿತ್ತು ಹೊಸ ಸುಳಿಗೆ ಕೊಡುತ್ತದೆ. ಕೆಳಗಿನದು ಬಿಳಿಚುತ್ತದೆ, ಮೇಲಿನದು ಹೇಗೋ ಹಸಿರು ಉಳಿಸಿಕೊಳ್ಳುತ್ತದೆ. ತೋಡಿನ (ಹಳ್ಳದ) ಹತ್ತಿರದ ಎರಡು ಸಾಲಿನಲ್ಲಿ ಮಾತ್ರ ಸಂಶಯ ಬಾಕಿ ಉಳಿಯಿತು. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಭಾವ ಕಪಾಟಿನಿಂದ ಮಣ್ಣು ಪರೀಕ್ಷೆಯ ಕಾರ್ಡು ತೆಗೆದರು. ಕಾರ್ಡು ಇಂಗ್ಲಿಷಿನಲ್ಲಿ, ಅದರ ಮೇಲಿನ ಷರಾ ಮಲಯಾಳದಲ್ಲಿ. ಕಾಸರಗೋಡಿನ ಕನ್ನಡದವರಿಗೆ ಇದೇನು ಹೊಸತಲ್ಲ, ಮಕ್ಕಳ ಹತ್ತಿರ ಓದಿಸಿಕೊಂಡಿದ್ದರು. ಬೈಲಿನ ತೋಟದ ಮಣ್ಣಿಗೆ ಸಾರಜನಕದ ಎದುರು 'ಹೆಚ್ಚು' ಎಂದು ಬರೆದಿತ್ತು. ತಟ್ಟಿನ ಮಣ್ಣಿಗೆ 'ಕಡಿಮೆ'. ಭಾವ ಅಂದದ್ದು: "ಹೆಚ್ಚು ಇದ್ದಲ್ಲಿಯೂ ಹಳದಿ, ಕಡಿಮೆ ಇದ್ದಲ್ಲಿಯೂ ಹಳದಿ. ಹಾಗಾದರೆ ಈ ಕಾರ್ಡು ಯಾತಕ್ಕೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಮಣ್ಣು ಪರೀಕ್ಷೆಯಲ್ಲಿ ಹೆಚ್ಚಾಗಿ ಸಾರಜನಕವನ್ನು ನೇರವಾಗಿ ಅಳೆಯುವುದೇ ಇಲ್ಲ. ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ಹೇಳಿಕೊಟ್ಟ ವಿಧಾನದಲ್ಲಿ ಸಾವಯವ ಇಂಗಾಲ ಎಷ್ಟಿದೆ ನೋಡುತ್ತಾರೆ. ಅದರ ಮೇಲಿಂದ ಸಾರಜನಕ ಇಷ್ಟಿರಬಹುದು ಎಂದು ಅಂದಾಜು ಮಾಡುತ್ತಾರೆ. ಸಾಮಾನ್ಯವಾಗಿ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಹೆಚ್ಚು. ಸುಬ್ಬಯ್ಯ ಮತ್ತು ಅಸೀಜ 1956ರಲ್ಲಿ ಕೊಟ್ಟ ಪರ್ಮಾಂಗನೇಟ್ ವಿಧಾನ ಇನ್ನೊಂದಿದೆ, ಅದರಲ್ಲಿ ಹೆಕ್ಟೇರಿಗೆ 280 ಕಿಲೊಕ್ಕಿಂತ ಕಡಿಮೆ ಬಂದರೆ 'ಕಡಿಮೆ', 560 ದಾಟಿದರೆ 'ಹೆಚ್ಚು'. ಎರಡೂ ಹೇಳುವುದು ದಾಸ್ತಾನಿನ ಲೆಕ್ಕ. ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದ ಮಣ್ಣಿನ ಲೆಕ್ಕ. ಆಟಿ ತಿಂಗಳಲ್ಲಿ ಮರದ ಬುಡದಲ್ಲಿ ನೀರು ನಿಂತಿದೆಯೋ ಇಲ್ಲವೋ ಎಂಬುದು ಆ ಪುಡಿಗೆ ಹೇಗೆ ಗೊತ್ತಾಗಬೇಕು?

ಒಂದು ಅಂದಾಜು ಹೇಳುತ್ತೇನೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು ಎಂಟೊಂಬತ್ತು ಲಕ್ಷ ಕಿಲೊ. ಅದರಲ್ಲಿ ಇಂಗಾಲ ಶೇಕಡಾ 1.5 ಇದ್ದರೆ ಒಟ್ಟು ಸಾರಜನಕ ಸಾವಿರ ಕಿಲೊದ ಆಸುಪಾಸು ಇರುತ್ತದೆ. ಎಕರೆಗೆ 550 ಅಡಿಕೆ ಮರ ಹಿಡಿದು, ಮರಕ್ಕೆ ವರ್ಷಕ್ಕೆ 100 ಗ್ರಾಮಿನ ಶಿಫಾರಸಿನ ಲೆಕ್ಕ ಹಾಕಿದರೆ ಬೇಕಾದದ್ದು 55 ಕಿಲೊ ಮಾತ್ರ. ಸಾವಿರ ಕಿಲೊ ಕಾಲಡಿಯಲ್ಲಿ ಇಟ್ಟುಕೊಂಡು ಮರ ಯಾಕೆ ಬಿಳಿಚಬೇಕು ಎಂದರೆ, ಆ ಸಾವಿರದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಜಾಸ್ತಿ ಪಾಲು ಕೊಳೆತ ಸೊಪ್ಪು, ಬೇರು, ಸತ್ತ ಸೂಕ್ಷ್ಮಜೀವಿಗಳ ಒಳಗೆ ಕಟ್ಟಿಕೊಂಡಿದೆ. ಬೇರಿಗೆ ಬೇಕಾದದ್ದು ಬಿಡಿಬಿಡಿಯಾದ ಅಮೋನಿಯಂ ಅಥವಾ ನೈಟ್ರೇಟ್. ಕಟ್ಟು ಬಿಚ್ಚಿಕೊಡುವ ಕೆಲಸ ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳದ್ದು. ವರ್ಷಕ್ಕೆ ಅವು ಬಿಚ್ಚುವುದು ನೂರಕ್ಕೆ ಒಂದರಿಂದ ಮೂರು ಪಾಲು, ಅದೂ ಗಾಳಿ, ಹದ ತೇವ, ಬಿಸಿ ಇದ್ದರೆ. ಪತ್ತಾಯದ ತುಂಬ ಭತ್ತ ಇದೆ, ಕುಟ್ಟಿ ಅಕ್ಕಿ ಮಾಡುವವರು ಕೆಲಸಕ್ಕೆ ಬಂದಿಲ್ಲ ಎಂಬ ಸ್ಥಿತಿ. ಕಾರ್ಡು ಪತ್ತಾಯ ಮಾತ್ರ ನೋಡಿ ಬರೆದದ್ದು.

ಇನ್ನು ಬೈಲಿಗೆ ಇಳಿಯೋಣ. ತೋಟದ ನಡುವೆ, ಹಳದಿ ಜಾಸ್ತಿ ಇದ್ದಲ್ಲಿ, ಮರದಿಂದ ಮೂರು ಅಡಿ ಬಿಟ್ಟು ಒಂದು ಗುಂಡಿ ತೋಡಿದೆವು. ಮೊದಲ ಗೇಣು ಕಪ್ಪು ಮಣ್ಣು, ಹಳೆ ಗದ್ದೆಯ ಮಣ್ಣು, ಅಂಟು. ಒಂದೂವರೆ ಅಡಿಗೆ ಬಣ್ಣ ಬದಲಾಯಿತು. ಕೆಂಪೂ ಅಲ್ಲ, ಕಪ್ಪೂ ಅಲ್ಲ. ಬೂದಿ ಬಣ್ಣದಲ್ಲಿ ಸಣ್ಣ ನೀಲಿ ಛಾಯೆ. ಅದರ ನಡುವೆ ಹಳೆ ಬೇರು ಹೋದ ದಾರಿಯಲ್ಲಿ ಮಾತ್ರ ತುಕ್ಕು ಬಣ್ಣದ ಗೆರೆಗಳು. ಕೆಲಸಕ್ಕೆ ಬಂದಿದ್ದ ಅಣ್ಣ ಒಂದು ಹೆಂಟೆ ಎತ್ತಿ ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದರು. ಕೊಳೆತ ಮೊಟ್ಟೆಯ ವಾಸನೆ. ಗುಂಡಿಯ ಬದಿಯಿಂದ ನೀರು ಒಸರುತ್ತ ನೋಡನೋಡುತ್ತಲೇ ತಳ ತುಂಬಿತು. ಬೇರಿನ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಹಿಡಿದೆಳೆದರೆ ಸಿಪ್ಪೆ ಜಾರಿ ಬರುತ್ತಿತ್ತು.

ಆ ಬಣ್ಣ ಮತ್ತು ವಾಸನೆಯಲ್ಲೇ ಉತ್ತರ ಇತ್ತು. ಮಣ್ಣಿನಲ್ಲಿ ಗಾಳಿ ಮುಗಿದಾಗ ಬ್ಯಾಕ್ಟೀರಿಯಾಗಳು ಸುಮ್ನೆ ಸಾಯುವುದಿಲ್ಲ. ಆಮ್ಲಜನಕದ ಬದಲಿಗೆ ಬೇರೆ ವಸ್ತುಗಳನ್ನು ಬಳಸಿ ಉಸಿರಾಡುವ ಜಾತಿಗಳಿವೆ, ಮತ್ತು ಅದಕ್ಕೊಂದು ಸರದಿ ಇದೆ. ಮೊದಲು ನೈಟ್ರೇಟ್. ಅದು ಮುಗಿದರೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಕೊನೆಗೆ ಸಲ್ಫೇಟ್. ಕೆಂಪು ಮಣ್ಣು ಬೂದಿ-ನೀಲಿ ಆಗಿದೆ ಎಂದರೆ ಕಬ್ಬಿಣದ ಸರದಿ ಬಂದು ಹೋಗಿದೆ. ಮೊಟ್ಟೆ ವಾಸನೆ ಬರುತ್ತಿದೆ ಎಂದರೆ ಸಲ್ಫೇಟಿನ ಸರದಿಯೂ ಬಂದಿದೆ. ಹಾಗಾದರೆ ಸಾಲಿನಲ್ಲಿ ಮೊದಲು ನಿಂತಿದ್ದ ನೈಟ್ರೇಟ್ ಯಾವಾಗಲೋ ಮುಗಿದಿದೆ. ಅದು ಸಾರಜನಕ ಅನಿಲವಾಗಿ, ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಆಗಿ, ಆಕಾಶಕ್ಕೆ ಹೋಗಿದೆ. ನನಗೆ ಪ್ರಯೋಗಾಲಯದ ಯಾವ ವರದಿಗಿಂತಲೂ ಆ ಹೆಂಟೆಯ ಮೇಲೆ ನಂಬಿಕೆ ಜಾಸ್ತಿ.

ಭಾವನ ತೋಟದಲ್ಲಿ ಆಗುತ್ತಿದ್ದದ್ದು ಬರೀ ನೀರು ನಿಲ್ಲುವುದಲ್ಲ, ಅದಕ್ಕಿಂತ ಕೆಟ್ಟದ್ದು. ನಾಲ್ಕು ದಿನ ಹೊಳವಾದರೆ ನೀರು ಒಂದಡಿ ಇಳಿಯುತ್ತದೆ, ಮತ್ತೆ ಮಳೆ ಹಿಡಿದರೆ ಮೇಲೆ ಬರುತ್ತದೆ. ನೀರು ಇಳಿದಾಗ ಗಾಳಿ ಒಳಗೆ ಹೋಗುತ್ತದೆ. ನೈಟ್ರೊಸೊಮೊನಾಸ್ ಜಾತಿಯವು ಅಮೋನಿಯಂ ಅನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೊಬ್ಯಾಕ್ಟರ್ ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೀರು ಏರಿದಾಗ ಆ ನೈಟ್ರೇಟ್ ಎಲ್ಲ ಅನಿಲ. ಒಂದು ಏರಿಳಿತಕ್ಕೆ ಒಂದು ಕಂತು ನಷ್ಟ. ಭಾವ ಯೂರಿಯ ಜಾಸ್ತಿ ಮಾಡಿದಷ್ಟೂ ಆ ಸೂಕ್ಷ್ಮಜೀವಿಗಳಿಗೆ ಊಟ ಜಾಸ್ತಿಯಾಯಿತು, ಮರಕ್ಕಲ್ಲ. ಅದರ ಮೇಲೆ ಅಡಿಕೆಯ ಬೇರಿಗೆ ಉಸಿರು ಬೇಕು. ಉಸಿರು ಕಟ್ಟಿದ ಬೇರು ಎದುರಿಗಿದ್ದ ಅಮೋನಿಯಂ ಕೂಡ ಹೀರುವುದಿಲ್ಲ.

ಹಾಗಾದರೆ ಹುಣಿಯ ಆಚೆಗಿನ ಗದ್ದೆ? ಅಲ್ಲಿ ನೀರು ಇನ್ನೂ ಜಾಸ್ತಿ ಅಲ್ವಾ?

ಜಾಸ್ತಿ ಹೌದು. ಆದರೆ ಏರಿಳಿತ ಇಲ್ಲ. ನೇಜಿ ನಟ್ಟ ಮೇಲೆ ದೊಡ್ಡತ್ತೆ ಗದ್ದೆ ಒಣಗಲು ಬಿಡುವವರಲ್ಲ. ಸದಾ ನೀರಿದ್ದಾಗ ಕಟ್ಟು ಬಿಚ್ಚುವ ಕೆಲಸ ಅಮೋನಿಯಂ ತನಕ ಬಂದು ನಿಲ್ಲುತ್ತದೆ, ನೈಟ್ರೇಟ್ ತನಕ ಹೋಗುವುದಿಲ್ಲ. ಅಮೋನಿಯಂಗೆ ಧನ ಆವೇಶ ಇರುವುದರಿಂದ ಅಂಟು ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಭತ್ತ ಅಮೋನಿಯಂ ತಿಂದು ಬದುಕುವ ಬೆಳೆ. ಅದರ ಕಾಂಡ, ಬೇರಿನೊಳಗೆ ಗಾಳಿಯ ಕೊಳವೆಗಳಿವೆ. ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಸುತ್ತದೆ. ಭತ್ತಕ್ಕೆ ಸುಖವಾದದ್ದೇ ಅಡಿಕೆಗೆ ಉಸಿರುಗಟ್ಟುವ ಜಾಗ. ಇದರ ಜೊತೆ, ಹುಳಿ (ಆಮ್ಲೀಯ) ಮಣ್ಣಿನಲ್ಲಿ ನೀರು ನಿಂತರೆ ಅದರ ಹುಳಿ ತನ್ನಷ್ಟಕ್ಕೆ ಕಡಿಮೆಯಾಗುತ್ತದೆ. ಅದೂ ಭತ್ತಕ್ಕೆ ಲಾಭ.

ಇನ್ನೂ ಎರಡು ಕಡೆಯಿಂದ ಆ ಗದ್ದೆಗೆ ಸಾರಜನಕ ಬರುತ್ತಿತ್ತು. ಒಂದು, ನೀರಿನ ಮೇಲಿನ ಪಾಚಿ. ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನೇ ಹಿಡಿದು ಮಣ್ಣಿಗೆ ಕೊಡುತ್ತದೆ, ನಮ್ಮ ದೇಶದ ಗದ್ದೆಗಳು ಗೊಬ್ಬರವಿಲ್ಲದೆ ತಲೆತಲಾಂತರ ಫಲ ಕೊಟ್ಟದ್ದರಲ್ಲಿ ಇದರ ಪಾಲಿದೆ ಎಂದು ಪಿ. ಕೆ. ಡೆ 1939ರಲ್ಲೇ ತೋರಿಸಿದ್ದರು. ಎರಡನೆಯದು ದನದ ಹಟ್ಟಿ ತೊಳೆದ ನೀರು. ಅದು ಸಣ್ಣ ಕಣಿಯಲ್ಲಿ ನೇರ ಗದ್ದೆಗೆ ಹೋಗುವಂತೆ ದೊಡ್ಡತ್ತೆ ಮೊದಲಿಂದಲೂ ಮಾಡಿದ್ದರು. "ಯೂರಿಯ ಹಾಕಿಲ್ಲ" ಎಂಬುದು ನಿಜ. ಏನೂ ಹಾಕಿಲ್ಲ ಎಂಬುದು ನಿಜವಲ್ಲ. ಇದನ್ನು ಹೇಳಿದಾಗ ಅವರು ನಕ್ಕು, "ನಾನು ಎಂಥದೂ ಹಾಕಿಲ್ಲ ಅಂತ ಯಾವಾಗ ಹೇಳಿದೆ? ಇವನೇ ಹೇಳಿಕೊಂಡು ತಿರುಗುವುದು" ಅಂದರು.

ಮತ್ತೆ ತೋಟದಲ್ಲಿ ಏರಿಳಿತ ಯಾಕೆ ಬಂತು? ಮೊದಲು ಇರಲಿಲ್ಲವಲ್ಲ. ಎರಡು ಕಾರಣ. ತೋಟದ ನೀರು ಬಸಿಯುವ ಕಣಿಗಳಲ್ಲಿ ವರ್ಷ ವರ್ಷವೂ ಮಣ್ಣು ಕೂತು ಮುಕ್ಕಾಲು ಅಡಿಯಷ್ಟೇ ಉಳಿದಿದ್ದವು. ಆಳು ಸಿಗದ ಮೇಲೆ ಕಣಿ ಎತ್ತುವುದು ಎಲ್ಲರೂ ಮುಂದೂಡುವ ಕೆಲಸ. ಎರಡನೆಯದು, ಕೆಳಗಿನ ಜಾಗದವರು ಮನೆಯ ದಾರಿಗೆ ಮಣ್ಣು ತುಂಬಿಸಿ, ತೋಡಿಗೆ ಸೇರುವಲ್ಲಿ ಸಣ್ಣ ಮೋರಿ ಇಟ್ಟಿದ್ದರು. ಜೋರು ಮಳೆಗೆ ಆ ಮೋರಿ ಸಾಲದು. ನೀರು ಹಿಂದಕ್ಕೆ ಕಟ್ಟುತ್ತದೆ.

ಇಷ್ಟು ಹೇಳಿ ಸುಮ್ಮನಾದರೆ ಭಾವ ಒಪ್ಪುವವರಲ್ಲ. ನೋಡಿಯೇ ನಂಬುವ ಜನ. ಹಾಗಾಗಿ ತೋಟದ ಒಂದು ಭಾಗವನ್ನು ಮೂರು ಪಾಲು ಮಾಡಿದೆವು. ಒಂದು ಪಾಲಿನಲ್ಲಿ ಎರಡು ಸಾಲಿಗೊಂದರಂತೆ ಕಣಿಯನ್ನು ಎರಡೂವರೆ ಅಡಿಗೆ ಇಳಿಸಿದೆವು, ಯೂರಿಯ ಪೂರ್ತಿ ನಿಲ್ಲಿಸಿದೆವು. ಇನ್ನೊಂದರಲ್ಲಿ ಕಣಿ ಮುಟ್ಟಲಿಲ್ಲ, ಯೂರಿಯ ಎಂದಿನಂತೆ. ಮೂರನೆಯದರಲ್ಲಿ ಕಣಿಯೂ ಆಳ, ಯೂರಿಯವೂ ಇದೆ, ಆದರೆ ಜೂನಿನಲ್ಲಲ್ಲ, ಮಳೆಯ ಅಬ್ಬರ ತಗ್ಗಿದ ಮೇಲೆ. ಪೊಟ್ಯಾಷ್, ಹಟ್ಟಿಗೊಬ್ಬರ ಮೂರಕ್ಕೂ ಒಂದೇ. ಅಡಿಕೆ ಮರ ವರ್ಷಕ್ಕೆ ಬಿಡುವುದು ಆರೇಳು ಸೋಗೆ ಅಷ್ಟೆ, ಫಲಿತಾಂಶಕ್ಕೆ ತಾಳ್ಮೆ ಬೇಕು. ಮುಂದಿನ ಮಳೆಗಾಲ ಮುಗಿಯುವಾಗ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂತು. ಕಣಿ ಆಳ ಮಾಡಿ ಯೂರಿಯ ಕೊಡದ ಮರಗಳು, ಯೂರಿಯ ತಿಂದು ನೀರಿನಲ್ಲಿ ನಿಂತ ಮರಗಳಿಗಿಂತ ಹಸಿರು. ಮೂರನೆಯ ಪಾಲು ಅದಕ್ಕಿಂತ ಇನ್ನೂ ಸ್ವಲ್ಪ ಚೆಂದ, ಆದರೆ ಮೊದಲನೆಯದಕ್ಕೂ ಅದಕ್ಕೂ ಅಂತರ ದೊಡ್ಡದಲ್ಲ. ಬೈಲಿನ ಮಟ್ಟಿಗೆ ಗೊಬ್ಬರ ಎಂದರೆ ಪಿಕ್ಕಾಸು ಮತ್ತು ಹಾರೆ ಎಂದು ನಾನು ತಮಾಷೆಗೆ ಹೇಳಿದ್ದು ಈಗ ಭಾವನ ಬಾಯಲ್ಲಿದೆ.

ತಟ್ಟುಗಳ ಕಥೆ ಇದಕ್ಕೆ ಪೂರಾ ಉಲ್ಟಾ.

ಅಲ್ಲಿ ಗಾಳಿಗೆ ಬರ ಇಲ್ಲ, ನೀರು ನಿಲ್ಲುವುದೇ ಇಲ್ಲ. ಇರುವುದು ಜಂಬಿಟ್ಟಿಗೆಯ ಮುರ ಮಣ್ಣು. ಬರೆ ಕಡಿಯಲು ಹಿಟಾಚಿ ತಂದಾಗ ಮೇಲಿನ ಕಪ್ಪು ಮಣ್ಣನ್ನೆಲ್ಲ ಅದು ತಟ್ಟಿನ ಹೊರ ಅಂಚಿಗೆ ತಳ್ಳಿತು, ಒಳ ಬದಿಯಲ್ಲಿ ಬರೀ ಕೆಂಪು ಮುರ ಉಳಿಯಿತು. ಗಿಡಗಳನ್ನು ನೋಡಿದರೆ ಹಿಟಾಚಿ ಓಡಾಡಿದ ಗೆರೆಯೇ ಕಾಣುತ್ತದೆ: ಹೊರ ಸಾಲು ಚೆನ್ನಾಗಿದೆ, ಒಳ ಸಾಲು ಬಿಳಿಚಿದೆ. ಮಳೆ, ಬಿಸಿಲು, ಚೀಲ ಎಲ್ಲ ಒಂದೇ. ಇಂಥ ಕೆಲಸಕ್ಕೆ ಮೊದಲು ಮೇಲ್ಮಣ್ಣನ್ನು ಒಂದು ಕಡೆ ರಾಶಿ ಹಾಕಿ, ಕೊನೆಗೆ ಪುನಃ ಹರಡಲು ಹೇಳಿದರೆ ಗಂಟೆ ಲೆಕ್ಕದ ಬಿಲ್ಲು ಸ್ವಲ್ಪ ಏರುತ್ತದೆ ನಿಜ. ಆ ಖರ್ಚು ಉಳಿಸಿದವರು ಆಮೇಲೆ ಹತ್ತು ವರ್ಷ ಗೊಬ್ಬರದ ಅಂಗಡಿಗೆ ಕಟ್ಟುತ್ತಾರೆ.

ಮುರದಲ್ಲಿ ಸೊಪ್ಪಿನ ಅಂಶ ಇಲ್ಲ, ಹಾಗಾಗಿ ಬಿಚ್ಚಲು ಕಟ್ಟೇ ಇಲ್ಲ. ಕಾರ್ಡಿನ 'ಕಡಿಮೆ' ಇಲ್ಲಿ ನಿಜವಾದ ಕಡಿಮೆ. ಹೊರಗಿನಿಂದ ಕೊಟ್ಟರೂ ಹಿಡಿದಿಡುವ ಶಕ್ತಿ ಆ ಮಣ್ಣಿಗಿಲ್ಲ. ಅದರ ಜೇಡಿ ಕೇಯೊಲಿನೈಟ್ ಜಾತಿಯದು, ಜೊತೆಗೆ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡ್. ಇವಕ್ಕೆ ಅಮೋನಿಯಂ ಹಿಡಿಯುವ ಋಣ ಆವೇಶ ತೀರಾ ಕಮ್ಮಿ. ಭಾವ ಯೂರಿಯ ಹಾಕುತ್ತಿದ್ದದ್ದು ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ, ಬುಡ ಬಿಡಿಸಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ ಬೀಳುವ ಊರು ನಮ್ಮದು. ಯೂರಿಯಕ್ಕೆ ಯಾವ ಆವೇಶವೂ ಇಲ್ಲ, ಮಣ್ಣು ಅದನ್ನು ಹಿಡಿಯುವುದೇ ಇಲ್ಲ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಅಮೋನಿಯಂ ಮಾಡಬೇಕು. ಅದಕ್ಕೆ ಕೆಲವು ದಿನ ಬೇಕು. (ಈ ಕಿಣ್ವವನ್ನು 1926ರಲ್ಲಿ ಜೇಮ್ಸ್ ಸಮ್ನರ್ ಮೊದಲ ಸಲ ಹರಳಾಗಿ ಬೇರ್ಪಡಿಸಿದ್ದು ಕತ್ತಿ ಅವರೆ ಜಾತಿಯ ಬೀಜದಿಂದ, ನಮ್ಮ ಹಿತ್ತಿಲಲ್ಲೂ ಹಬ್ಬುವ ಬಳ್ಳಿ.) ಅಷ್ಟರೊಳಗೆ ಒಂದು ರಾತ್ರಿ ಸುರಿದರೆ ಯೂರಿಯ ಯೂರಿಯವಾಗಿಯೇ ಇಳಿದು ಹೋಗುತ್ತದೆ. ಉಳಿದದ್ದು ನೈಟ್ರೇಟ್ ಆದರೆ ಅದೂ ನೀರಿನ ಹಿಂದೆಯೇ. 2015ರಿಂದ ನಮ್ಮಲ್ಲಿ ಸಿಗುವ ಯೂರಿಯಕ್ಕೆಲ್ಲ ಬೇವಿನೆಣ್ಣೆಯ ಲೇಪ ಇದೆ. ಅದು ಅಮೋನಿಯಂ ನೈಟ್ರೇಟ್ ಆಗುವುದನ್ನು ನಿಧಾನ ಮಾಡುತ್ತದೆ, ಉಪಯೋಗವೂ ಇದೆ. ಆದರೆ ಜೂನಿನ ಮಳೆಗೆ ಬುಡ ತೆರೆದು ಕೊಟ್ಟರೆ ಯಾವ ಲೇಪವೂ ಕಾಯುವುದಿಲ್ಲ.

ಇದರ ಮೇಲೆ ಒಂದು ಎಡವಟ್ಟು. ಮಣ್ಣಿಗೆ ಸಾವಯವ ಬೇಕು ಎಂದು ಯಾರೋ ಹೇಳಿದ್ದಕ್ಕೆ ಭಾವ ಮರದ ಮಿಲ್ಲಿನಿಂದ ಒಂದು ಪಿಕಪ್ ಹುಡಿ ತರಿಸಿ, ಒಳ ಸಾಲಿನ ಬುಡಕ್ಕೆ ಮಣ್ಣಿನ ಜೊತೆ ಕಲಸಿ ಹಾಕಿದ್ದರು. ಅಲ್ಲಿಂದ ಮೇಲೆ ಗಿಡ ಇನ್ನೂ ಬಿಳಿಚಿತು. ಮರದ ಹುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ನಾನೂರು ಪಾಲಿನಷ್ಟು. ಬೈಹುಲ್ಲಿನಲ್ಲಿ ಎಂಬತ್ತರ ಹತ್ತಿರ. ಹದವಾಗಿ ಕಳಿತ ಹಟ್ಟಿಗೊಬ್ಬರದಲ್ಲಿ ಇಪ್ಪತ್ತು. ಕೊಳೆಸುವ ಜೀವಿಗಳಿಗೆ ಸುಮಾರು ಇಪ್ಪತ್ತೈದಕ್ಕೆ ಒಂದು ಸಿಕ್ಕಿದರೆ ಹೊಟ್ಟೆ ತುಂಬುತ್ತದೆ. ಅದಕ್ಕಿಂತ ಇಂಗಾಲ ಜಾಸ್ತಿ ಇದ್ದರೆ, ಕಡಿಮೆ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡದ ಬಾಯಿಯಿಂದ ಕಿತ್ತು. ಒಂದು ಟನ್ ಒಣ ಮರದ ಹುಡಿ ಕೊಳೆಯಲು ಸುಮಾರು 10 ಕಿಲೊ ಸಾರಜನಕ ಬೇಕು. ಅಂದರೆ ಒಂದು ಬುಡಕ್ಕೆ 10 ಕಿಲೊ ಹುಡಿ ಹಾಕಿದರೆ ಒಂದು ದೊಡ್ಡ ಅಡಿಕೆ ಮರದ ಇಡೀ ವರ್ಷದ 100 ಗ್ರಾಮ್ ಅದರೊಳಗೆ ಸಿಕ್ಕಿಹಾಕಿಕೊಂಡಂತೆ. ಕಳೆದು ಹೋಗುವುದಿಲ್ಲ, ಆ ಜೀವಿಗಳು ಸತ್ತ ಮೇಲೆ ವಾಪಸ್ ಬರುತ್ತದೆ. ಆದರೆ ಎಳೆ ಗಿಡ ಅಷ್ಟು ಕಾಲ ಕಾಯಬೇಕಲ್ಲ. ಅದೇ ಹುಡಿಯನ್ನು ಕಲಸದೆ ಮೇಲಿಂದ ಹರಡಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ. ಹಟ್ಟಿಯಲ್ಲಿ ದನಗಳ ಕಾಲಡಿಗೆ ಹಾಸಿ, ಗಂಜಳ ಕುಡಿಸಿ ಆಮೇಲೆ ಹಾಕಿದ್ದರೆ ಒಳ್ಳೆ ಗೊಬ್ಬರವೇ ಆಗುತ್ತಿತ್ತು.

ತಟ್ಟಿನಲ್ಲಿ ಕೂತು ಇದನ್ನೆಲ್ಲ ಮಾತಾಡುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ನಾಚಿಕೆಮುಳ್ಳು. ಬರೀ ಮುರದ ಮೇಲೆ, ಸುತ್ತಲಿನ ಹುಲ್ಲೆಲ್ಲ ಹಳದಿ ಇರುವಾಗ, ಅದೊಂದು ಕಡು ಹಸಿರು. ಒಂದು ಗಿಡವನ್ನು ಜೋಪಾನವಾಗಿ ಕಿತ್ತು ಬೇರು ತೊಳೆದೆವು. ಸಾಸಿವೆಗಿಂತ ಸ್ವಲ್ಪ ದೊಡ್ಡ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣ ನಮ್ಮ ರಕ್ತದ ಹಿಮೊಗ್ಲೋಬಿನ್ನಿನ ಸಂಬಂಧಿಯದು. ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಒಳಗೆ ಬೂದಿ ಅಥವಾ ಹಸಿರು ಬಣ್ಣ ಇದ್ದರೆ ಕೆಲಸ ನಿಂತಿದೆ ಎಂದು ಅರ್ಥ. ಪಕ್ಕದಲ್ಲೇ ಬಿತ್ತಿದ್ದ ಅಲಸಂಡೆಯ ಬೇರಿನಲ್ಲಿ ಗಂಟು ಇರಲೇ ಇಲ್ಲ ಅನ್ನಬಹುದು. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಮ್ ಬೇರಿಗೆ ಸಿಗುವುದು ಕಡಿಮೆ, ಅದಿಲ್ಲದೆ ಸಾರಜನಕ ಹಿಡಿಯುವ ಕೆಲಸ ನಡೆಯುವುದಿಲ್ಲ. ಅಲಸಂಡೆಯ ಬ್ಯಾಕ್ಟೀರಿಯಾಕ್ಕೂ ಆ ಹುಳಿ ಆಗಿಬರುವುದಿಲ್ಲ. ಹುಳಿಯನ್ನು ಅಳೆಯುವ ಪಿಎಚ್ ತಟ್ಟಿನಲ್ಲಿ ಐದರ ಆಸುಪಾಸು, ಅಂದರೆ ಜಾಸ್ತಿ ಹುಳಿ. ಹುಳಿ ತಗ್ಗಿಸುವ ಡೋಲೊಮೈಟ್ ಪುಡಿ ಹಾಕಿ, ಕೆಲವು ವಾರ ಬಿಟ್ಟು ಪುನಃ ಬಿತ್ತಿದ ಅಲಸಂಡೆಯಲ್ಲಿ ಗಂಟು ಕಾಣಿಸಿತು.

ಹಾಗಾಗಿ ತಟ್ಟಿಗೆ ಬೇರೆಯೇ ಲೆಕ್ಕ ಮಾಡಿದೆವು. ಮೇ ಕೊನೆಗೆ ಡೋಲೊಮೈಟ್. ಮಳೆಗಾಲದಲ್ಲಿ ಅಲಸಂಡೆಯ ಹೊದಿಕೆ, ಹೂ ಬರುವಾಗ ಕಡಿದು ಬುಡಕ್ಕೆ. ಬೇಲಿಗುಂಟ ಗ್ಲಿರಿಸಿಡಿಯಾ ಗೂಟ. ಅದರ ಸೊಪ್ಪು ಮೆತ್ತಗೆ, ನಮ್ಮ ಹವೆಗೆ ಮೂರ್ನಾಲ್ಕು ವಾರದಲ್ಲಿ ಅರ್ಧಕ್ಕರ್ಧ ಸಾರಜನಕ ಬಿಟ್ಟುಕೊಡುತ್ತದೆ, ಹಾಗಾಗಿ ಆಷಾಢದ ಮಳೆಗೆ ಹಾಕದೆ ಸೋಣ ತಿಂಗಳು (ಆಗಸ್ಟ್-ಸೆಪ್ಟೆಂಬರ್) ಕಳೆಯುವಾಗ ಹಾಕುವುದು. ಯೂರಿಯ ಚೂರು ಚೂರಾಗಿ ಕಂತಿನಲ್ಲಿ, ಮೊದಲ ಕಂತು ಸೆಪ್ಟೆಂಬರ್ ಕೊನೆಗೆ, ಮಣ್ಣಿನಲ್ಲಿ ಮುಚ್ಚಿ. ಅಡಿಕೆಗೆ ಮರಕ್ಕೆ 12 ಕಿಲೊ ಸೊಪ್ಪು, 12 ಕಿಲೊ ಹಟ್ಟಿಗೊಬ್ಬರ ಎಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಮ್ಮೂರಿನವರ ಬಾಯಲ್ಲಿ ಸಿಪಿಸಿಆರ್‌ಐ, ಮೊದಲಿಂದಲೂ ಹೇಳುತ್ತ ಬಂದದ್ದು. ಜನ ಗ್ರಾಮಿನ ಲೆಕ್ಕ ಮಾತ್ರ ನೆನಪಿಟ್ಟುಕೊಂಡರು, ಕಿಲೊ ಲೆಕ್ಕ ಬಿಟ್ಟರು. ಬಿಟ್ಟದ್ದಕ್ಕೆ ಕಾರಣವೂ ಇದೆ. ಮೊದಲು ಸೊಪ್ಪು ಬರುತ್ತಿದ್ದದ್ದು ಕುಮ್ಕಿಯಿಂದ, ಅಂದರೆ ಜಾಗಕ್ಕೆ ತಾಗಿದ ಸರಕಾರಿ ಗುಡ್ಡೆಯಿಂದ. ಈಗ ಎಷ್ಟೋ ಕುಮ್ಕಿಯಲ್ಲಿ ರಬ್ಬರ್ ನಿಂತಿದೆ, ಸೊಪ್ಪು ತರಲು ಆಳೂ ಇಲ್ಲ.

ದೊಡ್ಡತ್ತೆಗೆ ಒಂದು ಅನುಮಾನ ಇತ್ತು. "ಮೊದಲ ಮಳೆ ಬಿದ್ದ ವಾರದಲ್ಲಿ ಗುಡ್ಡೆಯೆಲ್ಲ ಹಸಿರಾಗ್ತದಲ್ಲ, ಅದಕ್ಕೆ ಯಾರು ಗೊಬ್ಬರ ಹಾಕ್ತಾರೆ?" ಒಣಗಿದ ಮಣ್ಣು ತಟ್ಟನೆ ಒದ್ದೆಯಾದಾಗ, ಬೇಸಿಗೆಯಲ್ಲಿ ಸತ್ತ ಸೂಕ್ಷ್ಮಜೀವಿಗಳನ್ನೂ ಸಡಿಲಾದ ಸಾವಯವವನ್ನೂ ಉಳಿದವು ಮುಗಿಬಿದ್ದು ತಿನ್ನುತ್ತವೆ. ಕೆಲವೇ ದಿನ ಸಾರಜನಕ ಧಾರಾಳ ಸಿಗುತ್ತದೆ. ಪೂರ್ವ ಆಫ್ರಿಕದ ಮಣ್ಣಿನಲ್ಲಿ ಇದನ್ನು ಬಿಡಿಸಿ ನೋಡಿದ ಬರ್ಚ್ ಎಂಬವರು 1958ರಲ್ಲಿ ಬರೆದರು, ಅವರ ಹೆಸರೇ ಇದಕ್ಕೆ ನಿಂತಿದೆ. ಅಂದರೆ ಜೂನ್ ಮೊದಲಿಗೆ ಮಣ್ಣೇ ಒಂದು ಕಂತು ಕೊಡುತ್ತದೆ. ಅದೇ ಹೊತ್ತಿಗೆ ನಾವು ಯೂರಿಯ ಸುರಿಯುವುದು ಯಾಕೆ ಎಂದು ದೊಡ್ಡತ್ತೆ ಕೇಳಿದರು. ಭಾವ ನನ್ನ ಮುಖ ನೋಡಿದರು. ನನ್ನ ಹತ್ತಿರ ಅದಕ್ಕೆ ಒಳ್ಳೆ ಉತ್ತರ ಇರಲಿಲ್ಲ, ಯಾಕೆಂದರೆ ಅವರು ಹೇಳಿದ್ದೇ ಸರಿ.

ಕುಂಬಳೆಯ ಹೊಯಿಗೆ (ಮರಳು) ಜಾಗದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹೊಯಿಗೆಯಲ್ಲಿ ಜೇಡಿಯೂ ಇಲ್ಲ, ಸಾವಯವವೂ ಇಲ್ಲ. ಬೇಸಿಗೆಯಲ್ಲಿ ಮೇಲಿಂದ ಚೆಲ್ಲಿದ ಯೂರಿಯ ಅಮೋನಿಯಾ ಆಗಿ ಗಾಳಿಗೆ, ಮಳೆಗಾಲದಲ್ಲಿ ಚೆಲ್ಲಿದ್ದು ನೀರಿಗೆ. ಅಲ್ಲಿ ತೆಂಗಿನ ಸಾಲುಗಳ ನಡುವೆಯೇ ಗ್ಲಿರಿಸಿಡಿಯಾ ಬೆಳೆಸಿ ಸೊಪ್ಪನ್ನು ಬುಡಕ್ಕೆ ಹಾಕುವ ಕ್ರಮವನ್ನು ಸಿಪಿಸಿಆರ್‌ಐಯವರು ಕರಾವಳಿಯ ಹೊಯಿಗೆಯಲ್ಲಿ ಮಾಡಿ ತೋರಿಸಿದ್ದಾರೆ. ಅದನ್ನೇ ಹಿಡಿದೆವು. ಬುಡದಲ್ಲಿ ತೆಂಗಿನ ಸಿಪ್ಪೆ ಹೂಳಿದ್ದು ತೇವಕ್ಕೆ. ಸಿಪ್ಪೆಯಿಂದ ಸಾರಜನಕ ಬರುತ್ತದೆಂದು ಯಾರೂ ಲೆಕ್ಕ ಹಾಕಬಾರದು.

ಈಗಿನ ಸ್ಥಿತಿ ಹೀಗಿದೆ. 45 ಕಿಲೊದ ಯೂರಿಯ ಚೀಲಗಳು ಮೊದಲಿಗಿಂತ ಕಡಿಮೆ ಬರುತ್ತಿವೆ. ಉಳಿದ ದುಡ್ಡು ಪೂರ್ತಿ ಕಣಿಯ ಕೂಲಿಗೆ ಹೋಗಿದೆ. ಹಾಗಾಗಿ ಖರ್ಚು ಇಳಿಯಿತು ಎಂದು ಹೇಳಲಾರೆ. ತಟ್ಟಿನ ಒಳ ಸಾಲು ಹೊರ ಸಾಲನ್ನು ಹಿಡಿಯಲು ಇನ್ನೂ ವರ್ಷಗಳು ಬೇಕು, ಮುರಕ್ಕೆ ಮಣ್ಣಿನ ಗುಣ ಬರುವುದು ಅಷ್ಟು ಸುಲಭವಲ್ಲ. ಬೈಲಿನ ತೋಟ ಸುಧಾರಿಸಿದೆ, ತೋಡಿನ ಹತ್ತಿರದ ಆ ಎರಡು ಸಾಲು ಬಿಟ್ಟು. ಅಲ್ಲಿ ಕಣಿ ಆಳ ಮಾಡಿದರೂ ನೀರು ಇಳಿಯುತ್ತಿಲ್ಲ, ಮೋರಿ ಹಾಗೇ ಇದೆ. ಕೆಲವು ಮರದ ಅಡಿಕೆಯಲ್ಲಿ ಕಂದು ಬಣ್ಣವೂ ಕಂಡಿದೆ. ಅದು ಉಸಿರು ಕಟ್ಟಿದ ಬೇರಿನ ಪರಿಣಾಮವೋ ಹಳದಿ ರೋಗವೋ ಎಂದು ಕಣ್ಣಿನಿಂದ ಹೇಳಲು ಬರುವುದಿಲ್ಲ. ಸೋಗೆಯ ಮಾದರಿ ಪರೀಕ್ಷೆಗೆ ಹೋಗಿದೆ. ಕೆಳಗಿನ ಜಾಗದವರ ಹತ್ತಿರ ಮೋರಿ ದೊಡ್ಡದು ಮಾಡುವ ಮಾತು ಆಗಿದೆ, ಅರ್ಧ ಖರ್ಚು ಭಾವ ಹಾಕುವುದಾಗಿ ಒಪ್ಪಿದ್ದಾರೆ. ಅಲ್ಲಿಯವರೆಗೆ ಆ ಎರಡು ಸಾಲಿಗೆ ಯೂರಿಯ ಇಲ್ಲ.